ಕಾಲು ಇಡದೆಯೂ ಏರುವ ಆರ್‌ಪಿಎಂ: ಸ್ಪೋರ್ಟ್ಸ್ ಕಾರಿನ ಐಡ್ಲಿಂಗ್ ಹದ ತಪ್ಪುವುದೇಕೆ?

ಗಾಡಿ ನಿಂತಿದೆ. ಗೇರು ನ್ಯೂಟ್ರಲ್‌ನಲ್ಲಿದೆ. ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಆರ್‌ಪಿಎಂ ಮುಳ್ಳು 850ರ ಹತ್ತಿರ ಇರುವುದು ಬಿಟ್ಟು 1,600ಕ್ಕೆ ಹೋಗಿ ಕೂತಿದೆ. ಸ್ವಲ್ಪ ಹೊತ್ತಿಗೆ ತಾನೇ 1,100ಕ್ಕೆ ಇಳಿಯುತ್ತದೆ. ಮತ್ತೆ ಏರುತ್ತದೆ. ಪಕ್ಕದ ಗಾಡಿಯವರು ನೀವು ರೇಸಿಗೆ ಕರೆಯುತ್ತಿದ್ದೀರಿ ಅಂದುಕೊಂಡು ತಿರುಗಿ ನೋಡುತ್ತಾರೆ.

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರಿಗೆ ಈ ತಕರಾರು ಒಂದಲ್ಲ ಒಂದು ದಿನ ಎದುರಾಗುತ್ತದೆ. ರಬ್ಬರ್ ಪೈಪುಗಳಿಗೆ ವಯಸ್ಸಾಗಿರುತ್ತದೆ. ಹಿಂದಿನ ಮಾಲೀಕರು ಏನೇನೋ ಬದಲಾಯಿಸಿರುತ್ತಾರೆ. ಲಕ್ಷಣ ಒಂದೇ, ಆದರೆ ಕಾರಣಗಳ ಪಟ್ಟಿ ಮಾತ್ರ ಉದ್ದ. ಹಾಗಾಗಿ ಬಹಳ ಜನ ಒಂದೊಂದೇ ಬಿಡಿಭಾಗ ಬದಲಾಯಿಸುತ್ತಾ, ದುಡ್ಡು ಸುರಿಯುತ್ತಾ ಹೋಗುತ್ತಾರೆ.

ಅದರ ಬದಲು ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ: ಎಂಜಿನ್ನಿಗೆ ಹೋಗುತ್ತಿರುವ ಈ ಜಾಸ್ತಿ ಗಾಳಿಯನ್ನು ಕಂಪ್ಯೂಟರೇ ಕೇಳಿ ತರಿಸಿಕೊಂಡಿತೋ, ಇಲ್ಲ ಗಾಳಿ ಕೇಳದೆ ಒಳಗೆ ನುಗ್ಗಿತೋ? ಈ ಪ್ರಶ್ನೆ ಅರ್ಥವಾಗಬೇಕಾದರೆ ಐಡ್ಲಿಂಗ್ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

## ಐಡ್ಲಿಂಗ್ ಅಂದರೆ ಏನು?

ಗಾಡಿಯನ್ನು ಓಡಿಸದೆ, ಎಂಜಿನ್ ಆರದಷ್ಟು ನಿಧಾನಕ್ಕೆ ತಿರುಗುತ್ತಿರುವ ಸ್ಥಿತಿಯೇ ಐಡ್ಲಿಂಗ್. ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೋ ಅದೇ ಆರ್‌ಪಿಎಂ. ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 650ರಿಂದ 900ರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿಗೆ ಕಂಪನಿ ಹೇಳಿದ್ದು 850, ಅದರಲ್ಲಿ 50 ಆಚೀಚೆ ಆಗಬಹುದು. ನಿಮ್ಮ ಗಾಡಿಯ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅದನ್ನು ನೋಡದೆ 'ಜಾಸ್ತಿ ಇದೆ' ಅನ್ನುವ ತೀರ್ಮಾನಕ್ಕೆ ಬರಬೇಡಿ.

ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹೋಗುತ್ತದೆ ಅಂತ ನಾವೆಲ್ಲ ಮಾತಾಡುತ್ತೇವೆ, ಅಲ್ವಾ? ಪೆಟ್ರೋಲ್ ಎಂಜಿನ್‌ನಲ್ಲಿ ನಿಜವಾಗಿ ಹೋಗುವುದು ಗಾಳಿ. ಪೆಡಲ್ ಒತ್ತಿದಾಗ ತೆರೆಯುವುದು ಥ್ರಾಟಲ್ ಅನ್ನುವ ಒಂದು ದುಂಡನೆಯ ತಗಡಿನ ಬಾಗಿಲು. ಒಳಗೆ ಬಂದ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಸೇರಿಸುತ್ತದೆ. ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಈ ಕಂಪ್ಯೂಟರನ್ನು ಮೆಕ್ಯಾನಿಕ್‌ಗಳು ಇಸಿಯು ಅನ್ನುತ್ತಾರೆ.

ಕಾಲು ತೆಗೆದಾಗ ಥ್ರಾಟಲ್ ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಹಾಗಾದರೆ ಎಂಜಿನ್ ಆರಬೇಕಲ್ಲ? ಆರದಂತೆ ಪಕ್ಕದಲ್ಲೇ ಒಂದು ಸಣ್ಣ ದಾರಿ ಬಿಟ್ಟಿರುತ್ತಾರೆ. ಆ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಮೋಟಾರಿನ ಹೆಸರು ಐಡಲ್ ಕಂಟ್ರೋಲ್ ವಾಲ್ವ್. ಪೆಡಲ್‌ಗೂ ಥ್ರಾಟಲ್‌ಗೂ ನಡುವೆ ಕೇಬಲ್ ಇಲ್ಲದ ಹೊಸ ಗಾಡಿಗಳಲ್ಲಿ ಈ ಪಕ್ಕದ ದಾರಿ ಇರುವುದಿಲ್ಲ. ಅಲ್ಲಿ ಥ್ರಾಟಲ್ ಬಾಗಿಲನ್ನೇ ಮೋಟಾರು ಒಂದು ಕೂದಲೆಳೆಯಷ್ಟು ತೆರೆದು ಹಿಡಿಯುತ್ತದೆ.

ಗಾಳಿ ಜಾಸ್ತಿ ಹೋಗದೆ ಐಡ್ಲಿಂಗ್ ಇಷ್ಟೊಂದು ಏರುವುದಿಲ್ಲ. ಇಗ್ನಿಷನ್ ಟೈಮಿಂಗ್, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಹೊತ್ತು, ಮುಂದೆ ಸರಿದರೂ ಆರ್‌ಪಿಎಂ ಸ್ವಲ್ಪ ಏರುತ್ತದೆ ಅನ್ನುವುದು ನಿಜ. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಅದರೊಳಗಿನ ತೂಕದ ತುಂಡುಗಳು ಅಂಟಿಕೊಂಡರೆ ಹೀಗಾಗುತ್ತದೆ. ಉಳಿದಂತೆ ನಾವು ಹುಡುಕಬೇಕಾದ್ದು ಗಾಳಿಯ ದಾರಿಯನ್ನೇ.

## ಇದು ನಿಜವಾಗಿಯೂ ತಕರಾರೇ?

ಕೆಲವು ಸಲ ಎಂಜಿನ್ ಬೇಕೆಂದೇ ಜೋರಾಗಿ ತಿರುಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ 1,200ರಿಂದ 1,500ರವರೆಗೆ, ಕೆಲವು ಗಾಡಿಗಳಲ್ಲಿ ಇನ್ನೂ ಮೇಲಕ್ಕೆ ಹೋಗುವುದು ಸಹಜ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅನ್ನುವುದು ಅದಕ್ಕೊಂದು ಕಾರಣ. ಎಸಿ ಹಾಕಿದಾಗ, ಬ್ಯಾಟರಿ ವೋಲ್ಟೇಜ್ ಇಳಿದಾಗ, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗಲೂ ಸ್ವಲ್ಪ ಏರಬಹುದು. ಗಾಡಿ ಇನ್ನೂ ಉರುಳುತ್ತಿರುವಾಗ ಕ್ಲಚ್ ಒತ್ತಿದರೆ ಹಲವು ಎಂಜಿನ್‌ಗಳು ಆರ್‌ಪಿಎಂ ತುಸು ಮೇಲೇ ಹಿಡಿದು, ಗಾಡಿ ಪೂರ್ತಿ ನಿಂತ ಮೇಲೆ ಇಳಿಸುತ್ತವೆ.

ಇನ್ನೊಂದು ಗೊಂದಲ ಸ್ಪೋರ್ಟ್ಸ್ ಕಾರಿನದ್ದೇ. ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ ಕ್ಯಾಮ್‌ಶಾಫ್ಟ್. ಜಾಸ್ತಿ ಆರ್‌ಪಿಎಂನಲ್ಲಿ ಶಕ್ತಿ ಕೊಡಲೆಂದು ಮಾಡಿದ ಕ್ಯಾಮ್‌ಶಾಫ್ಟ್ ಇದ್ದರೆ ಗಾಳಿ ಒಳಬರುವ ವಾಲ್ವ್, ಹೊಗೆ ಹೊರಹೋಗುವ ವಾಲ್ವ್ ಎರಡೂ ಒಂದಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇದರಿಂದ ನಿಧಾನ ವೇಗದಲ್ಲಿ ಎಂಜಿನ್ ಕುಂಟಿದ ಹಾಗೆ ಗುಡುಗುಡು ಅನ್ನುತ್ತದೆ. ಇದು ಅದರ ಸ್ವಭಾವ. ಮುಳ್ಳು ಒಂದೇ ಜಾಗದಲ್ಲಿ ಸಣ್ಣಗೆ ನಡುಗುವುದಕ್ಕೂ, ಉಯ್ಯಾಲೆಯಂತೆ 500–600 ಆರ್‌ಪಿಎಂ ಮೇಲೆ ಕೆಳಗೆ ತೂಗುವುದಕ್ಕೂ ಬಹಳ ವ್ಯತ್ಯಾಸವಿದೆ. ನಾವು ಹುಡುಕುತ್ತಿರುವುದು ಎರಡನೆಯದನ್ನು.

ಕಾಲಬುಡದ ಮ್ಯಾಟ್ ಪೆಡಲಿಗೆ ಸಿಕ್ಕಿಕೊಂಡಿದೆಯಾ, ಥ್ರಾಟಲ್ ಕೇಬಲ್ ತೀರಾ ಬಿಗಿಯಾಗಿದೆಯಾ ಅಂತಲೂ ನೋಡಿಬಿಡಿ. ನಗು ಬರಬಹುದು. ಆದರೆ ಎರಡು ನಿಮಿಷದ ಕೆಲಸ, ಖರ್ಚೂ ಇಲ್ಲ.

## ಕೇಳಿ ಬಂದ ಗಾಳಿಯೋ, ಕಳ್ಳಗಾಳಿಯೋ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಬಿಡಿ-2 ಸ್ಕ್ಯಾನರ್ ಅಂದರೆ ಗಾಡಿಯ ಕಂಪ್ಯೂಟರಿಗೆ ಚುಚ್ಚಿ ಅದರ ಒಳಲೆಕ್ಕ ಓದುವ ಸಾಧನ. ಅಮೆರಿಕದಲ್ಲಿ ಮಾರಿದ ಕಾರುಗಳಿಗೆ 1996ರ ಮಾಡೆಲ್‌ನಿಂದ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಬಹಳ ಜನ ಇದನ್ನು ದೋಷದ ಕೋಡ್ ಓದುವುದಕ್ಕಷ್ಟೇ ಬಳಸುತ್ತಾರೆ. ಪಿ0507 ಅಂತ ಕೋಡ್ ಬರುತ್ತದೆ. ಅದರ ಅರ್ಥ 'ಐಡ್ಲಿಂಗ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ' ಅಂತ. ಅದು ನಮಗೆ ಮೊದಲೇ ಗೊತ್ತಿತ್ತಲ್ಲ! ಕೋಡ್ ಹೇಳುವುದು ನೋವಿನ ಜಾಗವನ್ನು, ಕಾರಣವನ್ನಲ್ಲ.

ಸ್ಕ್ಯಾನರಿನ ನಿಜವಾದ ಉಪಯೋಗ ಇರುವುದು ಎಂಜಿನ್ ಓಡುತ್ತಿರುವಾಗ ಕಾಣುವ ಅಂಕಿಗಳಲ್ಲಿ. ಎಂಜಿನ್ ಬಿಸಿ ಮಾಡಿ, ಎಸಿ ಆರಿಸಿ, ಎರಡು ಅಂಕಿ ನೋಡಿ. ಕಂಪ್ಯೂಟರ್ ಎಷ್ಟು ಆರ್‌ಪಿಎಂ ಬೇಕು ಅಂದುಕೊಂಡಿದೆ? ಐಡಲ್ ವಾಲ್ವನ್ನು ಎಷ್ಟು ತೆರೆದಿದೆ?

ಬೇಕಾದ್ದು 850, ಇರುವುದು 1,600, ವಾಲ್ವನ್ನು ಮಾತ್ರ ಪೂರ್ತಿ ಮುಚ್ಚಲು ಹೇಳಿದೆ ಅಂದರೆ, ಕಂಪ್ಯೂಟರ್ ತನ್ನ ಕೈಲಾದದ್ದೆಲ್ಲ ಮಾಡಿ ಸೋತಿದೆ. ಗಾಳಿ ಬೇರೆಲ್ಲಿಂದಲೋ ಬರುತ್ತಿದೆ, ಇಲ್ಲವೇ ವಾಲ್ವ್ ಹೇಳಿದ ಮಾತು ಕೇಳದೆ ತೆರೆದೇ ನಿಂತಿದೆ. ಬೇಕಾದ್ದೇ 1,500 ಅಂತ ತೋರಿಸಿದರೆ ಕಥೆ ಬೇರೆ. ಕಂಪ್ಯೂಟರಿಗೆ ಯಾರೋ ತಪ್ಪು ಸುದ್ದಿ ಕೊಟ್ಟಿದ್ದಾರೆ.

ಸ್ಕ್ಯಾನರ್ ಸಿಕ್ಕಿಸಲು ಜಾಗವೇ ಇಲ್ಲದ ಹಳೆಯ ಗಾಡಿಯಾದರೆ ಹೆಬ್ಬೆರಳೇ ಸ್ಕ್ಯಾನರ್. ಥ್ರಾಟಲ್ ಬಾಗಿಲು ಕೂತಿರುವ ಲೋಹದ ಕೊಳವೆ, ಅಂದರೆ ಥ್ರಾಟಲ್ ಬಾಡಿಯ ಬಾಯಲ್ಲಿ ಐಡಲ್ ವಾಲ್ವಿಗೆ ಗಾಳಿ ಹೋಗುವ ಸಣ್ಣ ತೂತು ಹಲವು ಗಾಡಿಗಳಲ್ಲಿ ಕೈಗೆ ಸಿಗುತ್ತದೆ. ಅದನ್ನು ಮುಚ್ಚಿ. ಆರ್‌ಪಿಎಂ ಧಡಕ್ಕನೆ ಇಳಿದರೆ ಜಾಸ್ತಿ ಗಾಳಿ ಆ ದಾರಿಯಲ್ಲೇ ಬರುತ್ತಿತ್ತು. ಏನೂ ಆಗದಿದ್ದರೆ ಬೇರೆ ಕಡೆ ಬಾಗಿಲು ತೆರೆದಿದೆ. ಬೆರಳನ್ನು ಥ್ರಾಟಲ್ ಬಾಗಿಲಿನ ಹತ್ತಿರ ಮಾತ್ರ ಒಯ್ಯಬೇಡಿ, ಮೋಟಾರಿನಿಂದ ಆಡುವ ಥ್ರಾಟಲ್ ಆದರಂತೂ ಈ ಸಾಹಸವೇ ಬೇಡ.

## ಕಳ್ಳಗಾಳಿ ನುಗ್ಗುವ ಸಂದುಗಳು

ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ನಿನ ಒಳಗೂ ಹೀಗೇ. ಪಿಸ್ಟನ್‌ಗಳು ಗಾಳಿ ಎಳೆಯುತ್ತಿವೆ, ಥ್ರಾಟಲ್ ಮುಚ್ಚಿದೆ. ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪ್ಯಾಸ್ಕಲ್ ಇದ್ದರೆ, ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಬರೀ 30ರಿಂದ 40. ಎಲ್ಲಿ ಸಂದು ಸಿಕ್ಕರೂ ಹೊರಗಿನ ಗಾಳಿ ನುಗ್ಗುತ್ತದೆ. ಇದನ್ನೇ ವ್ಯಾಕ್ಯೂಮ್ ಲೀಕ್ ಅನ್ನುವುದು.

ಸಂದುಗಳೆಲ್ಲಿ? ಬಿರುಕುಬಿಟ್ಟ ತೆಳು ರಬ್ಬರ್ ಪೈಪು ಮೊದಲ ಅನುಮಾನ. ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು, ಮ್ಯಾನಿಫೋಲ್ಡಿನ ಸಂದು ಮುಚ್ಚುವ ಗ್ಯಾಸ್ಕೆಟ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬುಡದ ರಬ್ಬರ್ ಬಳೆ, ಎಂಜಿನ್ ಹೊಟ್ಟೆಯ ಆವಿಯನ್ನು ಇನ್‌ಟೇಕಿಗೆ ವಾಪಸ್ ಕಳಿಸುವ, ತೆರೆದೇ ಉಳಿದ ಪಿಸಿವಿ ವಾಲ್ವ್, ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ಇವೂ ಸಾಲಿನಲ್ಲಿವೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಸರಿಯಾಗಿ ಕೂರದಿದ್ದರೂ, ಪಿಸಿವಿ ದಾರಿಯಾಗಿ ಕಳ್ಳಗಾಳಿ ಬರುತ್ತದೆ. ನನ್ನದೇ ಗಾಡಿಯಲ್ಲಿ ಒಮ್ಮೆ ಐಡಲ್ ವಾಲ್ವ್ ಬದಲಾಯಿತು, ಥ್ರಾಟಲ್ ಸೆನ್ಸರ್ ಬದಲಾಯಿತು, ಕಡೆಗೆ ಸಿಕ್ಕಿದ್ದು ಯಾರೂ ಬಳಸದ ಒಂದು ಪೈಪ್ ಮೂತಿ. ಅದರ ರಬ್ಬರ್ ಟೋಪಿ ಸೀಳಿತ್ತು. ಬೆರಳುಗುರಿನಷ್ಟು ದೊಡ್ಡ ಟೋಪಿ.

ಅಷ್ಟು ಸಣ್ಣ ತೂತಿನಿಂದ ಇಷ್ಟೊಂದು ಗಲಾಟೆ ಹೇಗೆ? ಐಡ್ಲಿಂಗ್‌ನಲ್ಲಿ ಎಂಜಿನ್ನಿಗೆ ಬೇಕಾದ ಗಾಳಿಯೇ ಬಹಳ ಕಡಿಮೆ. ಅದರ ಮುಂದೆ ಆ ತೂತಿನ ಗಾಳಿ ದೊಡ್ಡ ಪಾಲು. ಜೋರಾಗಿ ಓಡಿಸುವಾಗ ಅದೇ ತೂತಿನ ಗಾಳಿ ಲೆಕ್ಕಕ್ಕೇ ಇಲ್ಲ. ಹೆದ್ದಾರಿಯಲ್ಲಿ ಚೆನ್ನಾಗಿ ಓಡುವ ಗಾಡಿ ನಿಂತಾಗ ಮಾತ್ರ ತೊಂದರೆ ಕೊಡುವುದು ಇದಕ್ಕೇ.

ಕಳ್ಳಗಾಳಿ ಬಂದಾಗ ಗಾಡಿ ಹೇಗೆ ವರ್ತಿಸುತ್ತದೆ ಅನ್ನುವುದು ಅದು ಗಾಳಿ ಅಳೆಯುವ ರೀತಿಯ ಮೇಲೂ ನಿಂತಿದೆ. ಒಂದು ಸಭಾಂಗಣ ಅಂದುಕೊಳ್ಳಿ. ಕೆಲವು ಗಾಡಿಗಳಲ್ಲಿ ಬಾಗಿಲಲ್ಲೇ ಒಬ್ಬ ನಿಂತು ಒಳಗೆ ಹೋಗುವವರನ್ನು ಎಣಿಸುತ್ತಾನೆ. ಇದು ಮಾಸ್ ಏರ್ ಫ್ಲೋ ಸೆನ್ಸರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಎಂಎಎಫ್. ಇನ್ನು ಕೆಲವದರಲ್ಲಿ ಒಬ್ಬ ಒಳಗೆ ನಿಂತು ಹಾಲ್ ಎಷ್ಟು ತುಂಬಿದೆ ಅಂತ ನೋಡುತ್ತಾನೆ. ಅದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್.

ಹಿಂಬಾಗಿಲಿಂದ ಹತ್ತು ಜನ ನುಗ್ಗಿದರೆ ಬಾಗಿಲಲ್ಲಿ ನಿಂತವನಿಗೆ ಗೊತ್ತೇ ಆಗುವುದಿಲ್ಲ, ಅವರಿಗೆ ಕುರ್ಚಿ ಇರುವುದಿಲ್ಲ. ಅಂದರೆ ಗಾಳಿ ಬಂತು, ಪೆಟ್ರೋಲ್ ಸಾಲಲಿಲ್ಲ. ಎಂಜಿನ್ ಮೊದಲು ಒರಟಾಗಿ ಓಡುತ್ತದೆ, ಆಮೇಲೆ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಒಳಗೆ ನಿಂತು ನೋಡುವವನು ಹಾಗಲ್ಲ. ಅವನು ತಲೆ ಎಣಿಸಿ ಎಲ್ಲರಿಗೂ ಕುರ್ಚಿ ಹಾಕಿಸಿಬಿಡುತ್ತಾನೆ. ಹಾಗಾಗಿ ಎಂಎಪಿ ಇರುವ ಗಾಡಿ ಕಳ್ಳಗಾಳಿ ಬಂದರೂ ನಯವಾಗಿಯೇ, ಆದರೆ ಜೋರಾಗಿ ತಿರುಗುತ್ತದೆ. 'ಇಷ್ಟು ನಯವಾಗಿದೆ, ಲೀಕ್ ಇರಲಿಕ್ಕಿಲ್ಲ' ಅಂತ ಅಂದುಕೊಂಡು ಮೋಸಹೋಗುವುದು ಇಲ್ಲೇ.

ಎಂಎಎಫ್ ಇರುವ ಗಾಡಿಯಲ್ಲಿ ಸ್ಕ್ಯಾನರ್ ಇನ್ನೊಂದು ಸಹಾಯ ಮಾಡುತ್ತದೆ. ಫ್ಯೂಯಲ್ ಟ್ರಿಮ್ ಅಂದರೆ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕಬೇಕಾಯಿತು ಅನ್ನುವ ಅಂಕಿ. ಸೊನ್ನೆಯ ಆಚೀಚೆ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಅದು 20ರಷ್ಟು ಹೆಚ್ಚಿಗೆ ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ 3–4ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್ ಇರುವುದು ಬಹುಪಾಲು ಖಚಿತ.

ಜಾಗ ಹುಡುಕುವುದಕ್ಕೆ ಹೊಗೆ ಯಂತ್ರದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಎಂಜಿನ್ ಆರಿಸಿ, ಇನ್‌ಟೇಕ್ ಒಳಗೆ ಸಣ್ಣ ಒತ್ತಡದಲ್ಲಿ ಹೊಗೆ ತುಂಬುತ್ತಾರೆ. ಎಲ್ಲಿ ಸಂದಿದೆಯೋ ಅಲ್ಲಿ ಹೊಗೆ ಆಡುತ್ತದೆ. ಯಂತ್ರ ಇಲ್ಲದಿದ್ದರೆ ಎಂಜಿನ್ ಓಡುತ್ತಿರುವಾಗ ಒಂದೊಂದೇ ರಬ್ಬರ್ ಪೈಪನ್ನು ಮೆಲ್ಲಗೆ ಇಕ್ಕಳದಿಂದ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಆರ್‌ಪಿಎಂ ಇಳಿಯುತ್ತದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ಉದ್ದನೆಯ ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಆಡಿಸಿದರೆ ಸುಯ್ ಅನ್ನುವ ಸದ್ದೂ ಸಿಗುತ್ತದೆ. ಮಸಿ ತೊಳೆಯುವ ಕಾರ್ಬ್ ಕ್ಲೀನರ್ ದ್ರವವನ್ನು ಸಿಂಪಡಿಸಿ ನೋಡುವ ಅಭ್ಯಾಸ ಹಲವರಿಗಿದೆ. ಬಿಸಿ ಎಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ನಾನಂತೂ ಹೇಳುವುದಿಲ್ಲ. ಏನೇ ಪರೀಕ್ಷೆ ಮಾಡಿದರೂ ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಗಾಡಿ ಬಯಲಿನಲ್ಲಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹೊಗೆ ಜೀವಕ್ಕೇ ಅಪಾಯ.

## ಉಯ್ಯಾಲೆ ಯಾಕೆ ತೂಗುತ್ತದೆ?

ಲೀಕ್ ಇದ್ದರೆ ಆರ್‌ಪಿಎಂ ಮೇಲೆ ಹೋಗಿ ಅಲ್ಲೇ ನಿಲ್ಲಬೇಕಿತ್ತು. ಏರುತ್ತಾ ಇಳಿಯುತ್ತಾ ಇರುವುದೇಕೆ?

ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಉಳಿಸಲು ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೇ ನಿಲ್ಲಿಸುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದ ಗುರುತು ಎರಡು: ಥ್ರಾಟಲ್ ಮುಚ್ಚಿರಬೇಕು, ಆರ್‌ಪಿಎಂ ಒಂದು ಮಿತಿಗಿಂತ ಮೇಲಿರಬೇಕು. ಈಗ ಕಳ್ಳಗಾಳಿಯಿಂದ ಆರ್‌ಪಿಎಂ ಆ ಮಿತಿ ದಾಟಿತು ಅನ್ನಿ. ಥ್ರಾಟಲ್ ಹೇಗೂ ಮುಚ್ಚಿದೆ. ಗಾಡಿ ಇಳಿಜಾರಿನಲ್ಲಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ. ಎಂಜಿನ್ ಆರಿಹೋದೀತು ಅಂತ ಮತ್ತೆ ಪೆಟ್ರೋಲ್ ಬಿಡುತ್ತದೆ. ಕಳ್ಳಗಾಳಿ ಅಲ್ಲೇ ಕಾದಿದೆ, ಮತ್ತೆ ಏರಿಸುತ್ತದೆ. ವೂಂ, ಇಳಿತ, ವೂಂ, ಇಳಿತ. ಗಡಿಯಾರದ ತಾಳಕ್ಕೆ ನಡೆದ ಹಾಗೆ ಒಂದೇ ಲಯದಲ್ಲಿ ಮುಳ್ಳು ತೂಗುತ್ತಿದ್ದರೆ ಬಹುಪಾಲು ಇದೇ ಕಾರಣ.

ಲಯವಿಲ್ಲದೆ, ಒಮ್ಮೆ ಹಾಗೆ ಒಮ್ಮೆ ಹೀಗೆ ಆದರೆ ಅಂಟಂಟಾದ ಐಡಲ್ ವಾಲ್ವ್, ಸಡಿಲ ವೈರು, ಸವೆದ ಸೆನ್ಸರ್ ಕಡೆ ನೋಡಬೇಕು. ಬಿಸಿನೀರು ತಣ್ಣೀರು ಎರಡು ನಲ್ಲಿ ತಿರುಗಿಸುತ್ತಾ ಹದ ಹುಡುಕುವವರನ್ನು ನೆನಪಿಸಿಕೊಳ್ಳಿ. ನಲ್ಲಿ ಬಿಗಿಯಾಗಿದ್ದರೆ ಒಮ್ಮೆ ಸುಡುತ್ತದೆ, ಒಮ್ಮೆ ನಡುಗಿಸುತ್ತದೆ. ಮಸಿ ಕಟ್ಟಿದ ವಾಲ್ವಿನ ಹಣೆಬರಹವೂ ಅದೇ. ಸ್ಪೋರ್ಟ್ಸ್ ಕಾರಿನಲ್ಲಿ ಕ್ರ್ಯಾಂಕ್‌ಶಾಫ್ಟ್ ತುದಿಯ ಭಾರದ ಚಕ್ರವಾದ ಫ್ಲೈವೀಲ್ ತೆಗೆದು ಹಗುರದ್ದು ಹಾಕಿಸಿದ್ದರೆ ಇದು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಏರಿಳಿತವನ್ನು ನುಂಗಿಕೊಳ್ಳುವ ಭಾರವೇ ಕಡಿಮೆಯಾಗಿದೆ.

## ಕಂಪ್ಯೂಟರಿಗೆ ತಪ್ಪು ಸುದ್ದಿ ಕೊಡುವವರು

ಕಂಪ್ಯೂಟರೇ ಜಾಸ್ತಿ ಆರ್‌ಪಿಎಂ ಕೇಳುತ್ತಿದ್ದರೆ ಮೊದಲು ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಸೆನ್ಸರ್ ನೋಡಿ. ಬಿಸಿ ಏರಿದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ವೈರು ಕಡಿದರೆ ತಡೆ ಅಪಾರವಾಗಿ ಕಾಣುತ್ತದೆ. ಆಗ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಅಂತ ಬರುವುದುಂಟು. ಕುದಿಯುವ ಎಂಜಿನ್ನನ್ನು ಹಿಮಗಡ್ಡೆ ಅಂದುಕೊಂಡ ಕಂಪ್ಯೂಟರ್ ಜೋರಾಗಿ ತಿರುಗಿಸದೆ ಇನ್ನೇನು ಮಾಡೀತು? ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರ್ ಹಾಕಿ. ಕೂಲಂಟ್ ಬಿಸಿ, ಒಳಬರುವ ಗಾಳಿಯ ಬಿಸಿ ಎರಡೂ ಹತ್ತಿರ ಹತ್ತಿರ ಇರಬೇಕು. ತುಂಬಾ ದೂರ ಇದ್ದರೆ ಒಂದು ಸುಳ್ಳು ಹೇಳುತ್ತಿದೆ.

ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಇನ್ನೊಬ್ಬ ಆರೋಪಿ. ಮುಚ್ಚಿದಾಗ ಹಲವು ಗಾಡಿಗಳಲ್ಲಿ ಅದು ಸುಮಾರು 0.5 ವೋಲ್ಟ್ ತೋರಿಸುತ್ತದೆ. ಅದಕ್ಕಿಂತ ಮೇಲಿದ್ದರೆ ಕಾಲು ಇನ್ನೂ ಪೆಡಲ್ ಮೇಲಿದೆ ಅಂದುಕೊಂಡು ಕಂಪ್ಯೂಟರ್ ಐಡ್ಲಿಂಗ್ ಲೆಕ್ಕಕ್ಕೇ ಇಳಿಯುವುದಿಲ್ಲ.

ಕಂಪ್ಯೂಟರಿನ ಕೈಯಲ್ಲೇ ಇಲ್ಲದ ಒಂದು ವಾಲ್ವ್ 1980–90ರ ದಶಕದ ಹಲವು ಜಪಾನಿ ಗಾಡಿಗಳಲ್ಲಿದೆ. ಮೇಣ ತುಂಬಿದ ಸಣ್ಣ ಡಬ್ಬಿ ಅದು. ಕೂಲಂಟ್ ಬಿಸಿಯಾದರೆ ಮೇಣ ಹಿಗ್ಗಿ ಜಾಸ್ತಿ ಗಾಳಿಯ ದಾರಿ ಮುಚ್ಚುತ್ತದೆ. ಕೂಲಂಟ್ ಕಡಿಮೆಯಾಗಿದ್ದರೆ ಅಥವಾ ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿದ್ದರೆ ಬಿಸಿ ಅದನ್ನು ತಲುಪುವುದೇ ಇಲ್ಲ, ದಾರಿ ತೆರೆದೇ ಇರುತ್ತದೆ. ರೇಡಿಯೇಟರ್ ಕೆಲಸ ಆದ ಮೇಲೆ ಐಡ್ಲಿಂಗ್ ಕೆಟ್ಟಿತು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಈ ಮೇಣದ ಡಬ್ಬಿಯೇ. ಎಂಜಿನ್ ತಣ್ಣಗಿರುವಾಗ ಕೂಲಂಟ್ ತುಂಬಿ, ಗಾಳಿ ಬಿಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

## ಸ್ಪೋರ್ಟ್ಸ್ ಕಾರಿಗೇ ಅಂಟಿದ ತೊಡಕುಗಳು

2000ರ ದಶಕದ ಆರಂಭದ ಬಿಎಂಡಬ್ಲ್ಯು ಎಂ3 ಕಾರಿನ ಆರು ಸಿಲಿಂಡರಿಗೆ ಆರು ಪ್ರತ್ಯೇಕ ಥ್ರಾಟಲ್‌ಗಳಿವೆ. ಪೆಡಲಿಗೆ ಚುರುಕಾಗಿ ಸ್ಪಂದಿಸಲಿ ಅಂತ. ಆದರೆ ಆರೂ ಒಂದೇ ಅಳತೆಯಲ್ಲಿ ಮುಚ್ಚಬೇಕು. ಒಂದು ತುಸು ತೆರೆದೇ ಉಳಿದರೂ ಐಡ್ಲಿಂಗ್ ಹಾಳು. ಸೀಲು, ಪೈಪುಗಳ ಸಂಖ್ಯೆಯೂ ಅಷ್ಟೇ ಜಾಸ್ತಿ.

ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇರುವ ಗಾಡಿಯಲ್ಲಿ ಬಿರುಕಿನ ಆಟ ತಿರುವುಮುರುವು. ಥ್ರಾಟಲ್‌ಗೂ ಎಂಜಿನ್ನಿಗೂ ನಡುವಿನ ಒಂದೇ ಬಿರುಕು ಐಡ್ಲಿಂಗ್‌ನಲ್ಲಿ ಗಾಳಿಯನ್ನು ಒಳಗೆ ಬಿಡುತ್ತದೆ, ಟರ್ಬೊ ಒತ್ತಿದಾಗ ಹೊರಗೆ ಉಗುಳುತ್ತದೆ. ಐಡ್ಲಿಂಗ್ ಜಾಸ್ತಿ, ಎಳೆತ ಕಡಿಮೆ ಎರಡೂ ಒಟ್ಟಿಗೆ ಕಂಡರೆ ಎರಡು ತಕರಾರು ಅಂದುಕೊಳ್ಳಬೇಡಿ. ಹೊರಗಿನಿಂದ ತಂದು ಹಾಕಿದ ಬ್ಲೋ-ಆಫ್ ವಾಲ್ವ್ (ಟರ್ಬೊದ ಹೆಚ್ಚಿನ ಒತ್ತಡ ಬಿಡುವುದು), ಆಯಿಲ್ ಕ್ಯಾಚ್ ಕ್ಯಾನ್ (ಆವಿಯಲ್ಲಿನ ಆಯಿಲ್ ಹಿಡಿಯುವ ಡಬ್ಬಿ), ಬೂಸ್ಟ್ ಮೀಟರಿನ (ಟರ್ಬೊ ಒತ್ತಡ ತೋರಿಸುವುದು) ಪೈಪು ಇದ್ದರೆ ಅಲ್ಲಿಂದಲೇ ಶುರು ಮಾಡಿ. ಕಂಪನಿ ಜೋಡಿಸಿದ್ದಕ್ಕಿಂತ ಕೈಯಾಡಿಸಿದ ಜಾಗದಲ್ಲಿ ತಪ್ಪು ಸಿಗುವುದು ಹೆಚ್ಚು.

## ಸ್ಕ್ರೂ ತಿರುಗಿಸುವ ಮುನ್ನ

ಥ್ರಾಟಲ್ ಬಾಡಿಯ ಮೇಲೆ ಒಂದೆರಡು ಸ್ಕ್ರೂ ಕಾಣುತ್ತವೆ. ಕೈ ತುರಿಸುವುದು ಸಹಜ. ಒಂದು, ಥ್ರಾಟಲ್ ಬಾಗಿಲು ಎಲ್ಲಿ ನಿಲ್ಲಬೇಕು ಅನ್ನುವ ತಡೆ ಸ್ಕ್ರೂ. ಅದನ್ನು ಫ್ಯಾಕ್ಟರಿಯಲ್ಲೇ ಹೊಂದಿಸಿರುತ್ತಾರೆ, ಮುಟ್ಟಬಾರದು. ಹಳೆಯ ಗಾಡಿಗಳಲ್ಲಿ ಇರುವ ಇನ್ನೊಂದು, ಮೂಲ ಐಡ್ಲಿಂಗ್ ಸ್ಕ್ರೂ. ಅದನ್ನೂ ಸುಮ್ನೆ ತಿರುಗಿಸಿದರೆ ಉಪಯೋಗವಿಲ್ಲ. ನೀವು ಇಳಿಸಿದಷ್ಟನ್ನು ಕಂಪ್ಯೂಟರ್ ವಾಲ್ವ್ ತೆರೆದು ಏರಿಸುತ್ತಿರುತ್ತದೆ. ಮೊದಲ ಎಂಎಕ್ಸ್-5ರಲ್ಲಿ ಡಯಾಗ್ನೋಸಿಸ್ ಪೆಟ್ಟಿಗೆಯ ಎರಡು ತೂತುಗಳನ್ನು ಒಂದು ವೈರಿನಿಂದ ಜೋಡಿಸಿ, ಕಂಪ್ಯೂಟರಿನ ಕೈ ಕಟ್ಟಿಹಾಕಿದ ಮೇಲೇ 850ಕ್ಕೆ ಹೊಂದಿಸಬೇಕು. ಬೇರೆ ಗಾಡಿಗಳಿಗೆ ಬೇರೆ ಕ್ರಮ ಇರುತ್ತದೆ.

ಥ್ರಾಟಲ್ ಬಾಡಿ ತೊಳೆದ ಮೇಲೆ ಐಡ್ಲಿಂಗ್ ಏರಿತು ಅನ್ನುವ ದೂರೂ ಸಾಮಾನ್ಯ. ನಿಸಾನ್ 350ಝಡ್ ಇದಕ್ಕೆ ಹೆಸರುವಾಸಿ. ಮಸಿ ಕಟ್ಟಿದ್ದಾಗ ಬಾಗಿಲನ್ನು ಇಷ್ಟು ತೆರೆದರೆ ಇಷ್ಟು ಗಾಳಿ ಅಂತ ಕಂಪ್ಯೂಟರ್ ಕಲಿತುಕೊಂಡಿರುತ್ತದೆ. ಮಸಿ ಹೋದ ಮೇಲೆ ಅಷ್ಟೇ ತೆರೆದರೂ ಗಾಳಿ ಜಾಸ್ತಿ. ಏನೂ ಕೆಟ್ಟಿಲ್ಲ, ಹಳೆಯ ಪಾಠ ಮರೆಸಿ ಹೊಸದು ಕಲಿಸಬೇಕು. ಇದನ್ನು ಐಡಲ್ ರೀಲರ್ನ್ ಅನ್ನುತ್ತಾರೆ. ಕೆಲವು ಗಾಡಿಗಳು ಓಡಿಸುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

ದುರಸ್ತಿ ಆದ ಮೇಲೆ ಬಿಸಿ ಎಂಜಿನ್ನಿನಲ್ಲಿ ಒಮ್ಮೆ ನೋಡಿ ಗಾಡಿ ತಂದುಬಿಡಬೇಡಿ. ತಣ್ಣಗಿದ್ದಾಗ ಸಂಕುಚಿಸಿ ಸಂದು ಬಿಡುವ ಗ್ಯಾಸ್ಕೆಟ್ ಬಿಸಿಯಾದರೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಕೆಲವು ಬಿರುಕುಗಳು ಬಿಸಿಯಲ್ಲೇ ಬಾಯಿ ಬಿಡುತ್ತವೆ. ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿ ಮುಳ್ಳು ಮಧ್ಯಕ್ಕೆ ಬರುವವರೆಗೆ ಆರ್‌ಪಿಎಂ ನಿಧಾನವಾಗಿ, ನಡುವೆ ಎಲ್ಲೂ ಎಗರದೆ ಇಳಿಯುತ್ತದಾ ನೋಡಿ. ಆಮೇಲೆ ಎಸಿ ಹಾಕಿ ತೆಗೆಯಿರಿ, ಒಂದು ಸುತ್ತು ಓಡಿಸಿ ಬಂದು ಕ್ಲಚ್ ಒತ್ತಿ ನಿಲ್ಲಿಸಿ. ಮುಳ್ಳು ಬಂದು 850ರ ಹತ್ತಿರ ತೆಪ್ಪಗೆ ಕೂತರೆ ಬಾನೆಟ್ ಮುಚ್ಚಬಹುದು.